ತಾನೇ ಹತ್ತುವ ದೀಪ, ದಾರಿಯ ನಮಸ್ಕಾರ

ನಮ್ಮ ಅಪ್ಪನಿಗೆ ಕಾರಿನ ದೀಪ ಹಾಕುವುದು ನೆನಪಿರುತ್ತಿತ್ತು, ಆರಿಸುವುದು ನೆನಪಿರುತ್ತಿರಲಿಲ್ಲ. ಪ್ರತಿ ಶನಿವಾರ ಬನಹಟ್ಟಿಯ ಸೀರೆಗಳನ್ನು ಮುಧೋಳದ ಅಂಗಡಿಗಳಿಗೆ ಮುಟ್ಟಿಸಿ ಸಂಜೆ ಮನೆಗೆ ಬಂದರೆಂದರೆ ಕಾಲು ತೊಳೆದು ಚಹಾ ಕೇಳಿ ಕೂತುಬಿಡುತ್ತಿದ್ದರು. ಹೊರಗೆ ಅಂಬಾಸಿಡರ್ ಎರಡೂ ಕಣ್ಣು ಬಿಟ್ಟುಕೊಂಡು ಎದುರು ಮನೆಯ ಗೋಡೆ ನೋಡುತ್ತ ನಿಂತಿರುತ್ತಿತ್ತು. ಬೆಳಿಗ್ಗೆ ಬ್ಯಾಟರಿ ಇಳಿದಿರುತ್ತಿತ್ತು. ಓಣಿಯ ಮಗ್ಗಗಳ ಸದ್ದು ಒಂದೊಂದಾಗಿ ನಿಲ್ಲುತ್ತಿತ್ತು, ನೇಕಾರರು ಬನಿಯನ್ನಿನಲ್ಲೇ ಬಂದು ನಗುತ್ತ ಕಾರು ನೂಕುತ್ತಿದ್ದರು.

“ಈ ಕಾರು ಪೆಟ್ರೋಲಿನ ಮ್ಯಾಲ ಓಡತೈತೋ, ಮಂದಿ ಮ್ಯಾಲ ಓಡತೈತೋ?” ಎಂದು ಅವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು.

ನಾನು, ಅವರ ಮಗಳು, ಆಗ ಜಮಖಂಡಿಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ವಾರವಿಡೀ ಮಕ್ಕಳಿಗೆ ವಿದ್ಯುತ್ತಿನ ಪಾಠ ಹೇಳಿ ಭಾನುವಾರ ಓಣಿಯವರ ಜೊತೆ ಕಾರು ನೂಕುವುದೆಂದರೆ ನನಗೆ ಮೈ ಉರಿಯುತ್ತಿತ್ತು. ಕತ್ತಲಾದರೆ ತಾನೇ ಹತ್ತುವ, ಬೀಗದ ಕೈ ತೆಗೆದರೆ ತಾನೇ ಆರುವ ದೀಪ ಮಾಡಿಕೊಡುತ್ತೇನೆಂದು ಹಟ ತೊಟ್ಟೆ.

“ಕತ್ತಲಾತು ಅಂತ ಅದಕ್ಕ ಯಾರು ಹೇಳ್ತಾರ?” ಅಪ್ಪ ಕೇಳಿದರು.

“ಯಾರೂ ಹೇಳೂದಿಲ್ರಿ. ಆಕಾಶ ನೋಡಿ ತಾನ ತಿಳಕೋತೈತಿ.”

“ನಾನೂ ಅದನ್ನ ಮಾಡ್ತೇನಲ್ಲ? ನನಗ ಯಾರೂ ಶಾಣ್ಯಾ ಅಂದಿಲ್ಲ.”

ಅದರ ಜೀವವೆಲ್ಲ ಕಡಲೆಬೇಳೆಗಿಂತ ತುಸು ದೊಡ್ಡದಾದ ಒಂದು ಬಿಲ್ಲೆಯಲ್ಲಿತ್ತು. ಮುಂದಿನ ಗಾಜಿನ ಒಳಗೆ, ಆಕಾಶಕ್ಕೆ ಮುಖ ಮಾಡಿ ಅದನ್ನು ಕೂರಿಸಿದೆ. ಬೆಳಕು ಬಿದ್ದಷ್ಟು ಹೊತ್ತು ಅದು ವಿದ್ಯುತ್ತಿಗೆ ದಾರಿ ಬಿಡುತ್ತದೆ, ಬೆಳಕು ಇಳಿದಂತೆ ಅಡ್ಡ ನಿಲ್ಲುತ್ತದೆ. ಅಡ್ಡಿ ಒಂದು ಮಿತಿ ದಾಟಿತೆಂದರೆ ರಿಲೇ ಎಂಬ ಪುಟ್ಟ ಸ್ವಿಚ್ಚು ಟಕ್ಕೆಂದು ದೀಪ ಹತ್ತಿಸುತ್ತದೆ. ಕೇಳಲು ಸುಲಭ. ಆದರೆ ಮೊದಲ ದಿನ ಅದು ಪ್ರತಿ ಬೇವಿನ ಮರದ ನೆರಳಿಗೂ ಹತ್ತಿ ಆರಿ, ಹತ್ತಿ ಆರಿ ನನ್ನ ಮಾನ ಕಳೆಯಿತು. ಆಮೇಲೆ ತುಸು ತಡೆದು ನೋಡಿ ಹತ್ತುವಂತೆ ಮಾಡಿದೆ. ಹತ್ತುವುದಕ್ಕೆ ಸಾಕಾಗುವ ಕತ್ತಲೆಗೂ ಆರುವುದಕ್ಕೆ ಬೇಕಾಗುವ ಬೆಳಕಿಗೂ ನಡುವೆ ಅಂತರ ಇಟ್ಟೆ. ಇಲ್ಲದಿದ್ದರೆ ಮುಸ್ಸಂಜೆಯಲ್ಲಿ ಅದಕ್ಕೆ ಒಂದು ನಿರ್ಧಾರವೇ ಬರುತ್ತಿರಲಿಲ್ಲ.

ಇಷ್ಟೆಲ್ಲ ಆದರೂ ಎಷ್ಟು ಕತ್ತಲೆಯಾದರೆ ಕತ್ತಲೆ ಎಂಬುದು ಯಂತ್ರಕ್ಕೆ ಗೊತ್ತಿಲ್ಲ. ಅದನ್ನು ಮನುಷ್ಯರು ಒಂದು ಸ್ಕ್ರೂ ತಿರುಗಿಸಿ ಹೇಳಬೇಕು. ನಾನು ನಮ್ಮ ಮನೆಯ ಅಳತೆಯನ್ನೇ ಇಟ್ಟುಕೊಂಡೆ. ಅಜ್ಜ ಕೈಮಗ್ಗದ ಮುಂದೆ ಕೆಂಪು ನೂಲನ್ನೂ ಕುಂಕುಮದ ಬಣ್ಣದ ನೂಲನ್ನೂ ಪಕ್ಕ ಪಕ್ಕ ಹಿಡಿದು ನೋಡುತ್ತಿದ್ದನಂತೆ. ಎರಡೂ ಒಂದೇ ಕಂಡರೆ ಕತ್ತಲಾಯಿತು, ದೀಪ ಹಚ್ಚು. ನಾನೂ ಅಂಗಳದಲ್ಲಿ ಆ ಎರಡು ನೂಲು ಹಿಡಿದು ನಿಂತೆ. ಅವು ಒಂದಾದ ಗಳಿಗೆಗೆ ಸ್ಕ್ರೂ ಹೊಂದಿಸಿ, ಅದರ ತಲೆಯ ಮೇಲೆ ಕೆಂಪು ಬಣ್ಣದ ಗೆರೆ ಎಳೆದೆ. ಮತ್ತೆ ಕಾರು ನೂಕುವ ಪ್ರಸಂಗ ಬರಲಿಲ್ಲ. ನಾನು ಸ್ವಲ್ಪ ಮೆರೆದೆ ಕೂಡ.

ಕೆಲವು ತಿಂಗಳಾದ ಮೇಲೆ ಅಪ್ಪ ಮುಧೋಳದಿಂದ ಬರುವಾಗ ಮುಖ ಅರಳಿಸಿಕೊಂಡು ಬರತೊಡಗಿದರು.

“ರಸ್ತೆದಾಗ ಎದುರು ಬಂದವ್ರೆಲ್ಲಾ ಕೈ ಎತ್ತಿ ನಮಸ್ಕಾರ ಮಾಡ್ತಾರ. ಗುರ್ತ ಇಲ್ಲದವ್ರು ಸೈತ.”

“ಇಲೆಕ್ಷನ್ನಿಗೆ ನಿಂತೀರೇನು?” ಎಂದಳು ಅವ್ವ. ನನಗೂ ನಗು ಬಂತು.

ಕಬ್ಬು ಕಡಿಯುವ ಕಾಲ. ಒಂದು ಶನಿವಾರ ನಮ್ಮ ಹೈಸ್ಕೂಲಿಗೆ ಸೂಟಿ ಇತ್ತು, ನಾನೂ ಮುಧೋಳಕ್ಕೆ ಹೋದೆ. ತಿರುಗಿ ಬರುವಾಗ ಹೊತ್ತು ಆಗತಾನೇ ಮುಳುಗಿತ್ತು, ಆಕಾಶದ ತುಂಬ ಇನ್ನೂ ಬೆಳಕಿತ್ತು. ಟಕ್ಕೆಂದಿತು. ದೀಪ ಹತ್ತಿದವು. ಬಿಲ್ಲೆ ಕೆಟ್ಟಿತೇ ಎಂದು ನಾನು ಯೋಚಿಸುವಷ್ಟರಲ್ಲಿ ಎದುರಿನ ಟೆಂಪೋದವನು ಕೈ ಹೊರಗೆ ಚಾಚಿ ಐದೂ ಬೆರಳು ಬಿಚ್ಚಿ ಮುಚ್ಚಿ ತೋರಿಸಿದ. ಬೆಳಕಿನಲ್ಲಿ ದೀಪ ಹಾಕಿದ ಗಾಡಿ ಕಂಡರೆ ಎಲ್ಲರೂ ಮಾಡುತ್ತಿದ್ದ ಸನ್ನೆ ಅದು: ನಿನ್ನ ದೀಪ ಉರಿಯುತ್ತಿದೆ, ಆರಿಸು.

ಅಪ್ಪ ಸ್ಟೇರಿಂಗಿನಿಂದ ಒಂದು ಕೈ ತೆಗೆದು ಹಣೆಯವರೆಗೆ ಎತ್ತಿದರು.

“ನೋಡಿದಿ?” ಎಂದರು ಖುಷಿಯಿಂದ.

ಮುಂದೆ ಲಾರಿಯವನು ಬೆರಳು ಬಿಚ್ಚಿ ಮುಚ್ಚಿದ. ಅಪ್ಪ ಅವನಿಗೂ ನಮಸ್ಕರಿಸಿದರು. ನಾನು ಬಗ್ಗಿ ಡ್ಯಾಶ್‌ಬೋರ್ಡಿನ ಕೆಳಗೆ ನೋಡಿದೆ. ಸ್ಕ್ರೂವಿನ ಕೆಂಪು ಗೆರೆ ಇದ್ದ ದಿಕ್ಕಿನಲ್ಲಿರಲಿಲ್ಲ, ಅರ್ಧ ಸುತ್ತು ತಿರುಗಿತ್ತು.

“ಅಪ್ಪಾ, ಇದನ್ನ ಯಾರರ ತಿರುವ್ಯಾರೇನ್ರಿ?”

“ನಾನ ತಿರುವೇನಿ. ನಿನ್ನ ಯಂತ್ರ ಭಾಳ ತಡಾ ಮಾಡತೈತಿ. ಪೂರಾ ಕತ್ತಲಾದ ಮ್ಯಾಲ ಹತ್ತತೈತಿ.”

ಯಂತ್ರ ತಡ ಮಾಡುತ್ತಿರಲಿಲ್ಲ. ಅಪ್ಪನಿಗೆ ನಮ್ಮೆಲ್ಲರಿಗಿಂತ ಮೊದಲೇ ಕತ್ತಲಾಗುತ್ತಿತ್ತು. ಎದುರು ಬಂದವರ ಬೆರಳು ಕಾಣದೆ ಬರೀ ಎತ್ತಿದ ಕೈ ಕಾಣುತ್ತಿತ್ತು. ಈ ಕಣ್ಣಿನಲ್ಲಿ ಅವರು ಪ್ರತಿ ಶನಿವಾರ, ಹಿಂದೊಂದು ದೀಪವೂ ಇಲ್ಲದ ಕಬ್ಬಿನ ಗಾಡಿಗಳ ನಡುವೆ ಬರುತ್ತಿದ್ದರು.

ಅಂಥದೇ ಒಂದು ಗಾಡಿ ಚಿಮ್ಮಡದ ಹತ್ತಿರ ಮುಂದೆ ಹೋಗುತ್ತಿತ್ತು, ಕಬ್ಬು ಹಿಂದಕ್ಕೆ ಚಾಚಿಕೊಂಡಿತ್ತು. ಅಪ್ಪ ವೇಗ ಇಳಿಸಲಿಲ್ಲ. “ಅಪ್ಪಾ, ಗಾಡಿ!” ಎಂದು ಚೀರಿದೆ. ಬ್ರೇಕು ಬಿತ್ತು, ಹಿಂದಿನ ಸೀಟಿನ ಸೀರೆಯ ಗಂಟು ಬಿಚ್ಚಿ ಮುಂದಕ್ಕೆ ಬಿತ್ತು. ಗಾಡಿಯವನು ತಿರುಗಿಯೂ ನೋಡದೆ ಹೊರಟುಹೋದ.

ಕಾರು ರಸ್ತೆಯ ಬದಿಗೆ ನಿಂತಿತು. ಅಪ್ಪ ನನ್ನ ಕಡೆ ತಿರುಗಿದರು.

“ಖರೆ ಹೇಳು. ಇನ್ನೂ ಎಷ್ಟ ಬೆಳಕೈತಿ?”

ಸುಳ್ಳು ಹೇಳಬೇಕೆನ್ನಿಸಿತು. ಬಿದ್ದ ಸೀರೆಯ ಅಂಚು ನೋಡಿದೆ.

“ಕೆಂಪು, ಕುಂಕುಮ ಬ್ಯಾರೆ ಬ್ಯಾರೆ ಕಾಣತಾವ್ರಿ.”

ನೇಕಾರನ ಮಗನಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿರಲಿಲ್ಲ. ಅವರು ಸೀರೆ ಎತ್ತಿ ಕಣ್ಣಿನ ಹತ್ತಿರ ಹಿಡಿದರು, ಮತ್ತೆ ನನ್ನ ತೊಡೆಯ ಮೇಲಿಟ್ಟರು.

“ಹಂಗಾದ್ರ ಆ ಮಂದಿ, ನಮಸ್ಕಾರ?”

“ದೀಪ ಹತ್ತೈತಿ ಅಂತ ಹೇಳಾಕತ್ತಿದ್ರರಿ.”

ಅಪ್ಪ ನಕ್ಕರು. ಜೋರಾಗಿಯೇ ನಕ್ಕರು. ಆಮೇಲೆ ಇಳಿದು ಬಾನೆಟ್ಟಿನ ಮೇಲೆ ಕೈಯಿಟ್ಟುಕೊಂಡು ಸುತ್ತಿ ಬಂದು ನನ್ನ ಕಡೆಯ ಬಾಗಿಲು ತೆಗೆದರು. ಕಾರು ಕಲಿಸಿದವರು ಅವರೇ. ಮುಧೋಳದ ರಸ್ತೆ ಮಾತ್ರ ನಿನ್ನದಲ್ಲ ಎಂದು ಅಲ್ಲಿ ಒಮ್ಮೆಯೂ ನನ್ನ ಕೈಗೆ ಸ್ಟೇರಿಂಗ್ ಕೊಟ್ಟಿರಲಿಲ್ಲ.

“ಆ ಕಡೆ ಸರಿ, ಯವ್ವಾ. ನೀ ಹೊಡಿ.”

ನನಗೆ ಅಳು ಬಂತು, ಅಳುತ್ತಲೇ ಗೇರ್ ಹಾಕಿದೆ.

ಮಿರಜಿನ ಡಾಕ್ಟರು ಕಣ್ಣಿನ ನರ ಒಣಗಿದೆ, ಹೋದದ್ದು ಬರುವುದಿಲ್ಲ, ಉಳಿದದ್ದನ್ನು ಕಾಯ್ದುಕೊಳ್ಳಿ ಎಂದರು. ನಾನು ಸ್ಕ್ರೂ ತಿರುಗಿಸಿ ಕೆಂಪು ಗೆರೆಯನ್ನು ಮೊದಲಿನ ಜಾಗಕ್ಕೆ ತಂದೆ. ಶನಿವಾರ ಸಾಲಿ ಬೆಳಿಗ್ಗೆಯೇ ಮುಗಿಯುತ್ತಿತ್ತು. ಮಧ್ಯಾಹ್ನ ನಾನೇ ಕಾರು ಹೊಡೆಯುತ್ತಿದ್ದೆ, ಅಪ್ಪ ಪಕ್ಕದಲ್ಲಿ ಕೂತು ವ್ಯಾಪಾರಕ್ಕೆ ಬರುತ್ತಿದ್ದರು. ದಾರಿಯಲ್ಲಿ ಯಾರೂ ಕೈ ಎತ್ತುತ್ತಿರಲಿಲ್ಲ. ಅಪ್ಪ ಎರಡೂ ಕೈ ತೊಡೆಯ ಮೇಲಿಟ್ಟು ಸುಮ್ಮನೆ ಕೂತಿರುತ್ತಿದ್ದರು. ಅವರ ಕೈತಪ್ಪಿದ ಸ್ಟೇರಿಂಗಿಗಿಂತ ಆ ನಮಸ್ಕಾರಗಳಿಗಾಗಿಯೇ ನನಗೆ ಹೆಚ್ಚು ಸಂಕಟವಾಗುತ್ತಿತ್ತು.

ಒಂದು ಸಂಜೆ ತಿರುಗಿ ಬರುವಾಗ ಎದುರಿಗೆ ಬಸ್ಸು ಬಂತು. ನಾನು ದಿನಾ ಸಾಲಿಗೆ ಹೋಗುವಾಗ ಬರುವಾಗ ಕಾಣುತ್ತಿದ್ದ ಡ್ರೈವರು. ನಾನು ಕಾರು ಹೊಡೆಯುವುದನ್ನು ಕಂಡು ನಗುತ್ತ ಹಣೆಗೆ ಕೈ ಮುಟ್ಟಿಸಿದ. ಅಪ್ಪ ನೆಟ್ಟಗೆ ನೋಡುತ್ತಿದ್ದರು.

“ಅಪ್ಪಾ, ಬಸ್ಸಿನ ಡ್ರೈವರ್ ನಮಸ್ಕಾರ ಮಾಡಿದ್ರರಿ.”

ಅಪ್ಪ ಕೈ ಎತ್ತಲಿಲ್ಲ. “ದೀಪ ಹತ್ತೈತೇನು?” ಎಂದು ಕೇಳಿದರು.

“ಇಲ್ರಿ. ಇನ್ನೂ ಹತ್ತಿಲ್ಲ.”

ಆಗ ಅವರು ಕೈಯನ್ನು ಹಣೆಯವರೆಗೆ ಎತ್ತಿದರು. ಅಷ್ಟು ಹೊತ್ತಿಗೆ ಬಸ್ಸು ನಮ್ಮನ್ನು ದಾಟಿ ಮುಧೋಳದ ಕಡೆ ಹೋಗಿತ್ತು.