ಬಾಗಿಲಿಗೆ ಸಿಕ್ಕ ಬೆರಳು

ಕೋಟು ಹಾಕಿಕೊಂಡು ಹೋದದ್ದರಿಂದ ನನ್ನ ಗಾಯಕ್ಕೆ ಮರ್ಯಾದೆ ಸಿಕ್ಕಿತು.

ಈ ಸೋಮವಾರ ಬೆಳಗ್ಗೆ, ಸ್ನಾನ ಮುಗಿಸಿ ಕಾಫಿಗೆ ಮುಂಚೆ (ಈ ಕ್ರಮವನ್ನು ನಾನು ಮದುವೆಯ ದಿನವೂ ತಪ್ಪಿಸಿದವನಲ್ಲ), ಹಿತ್ತಲಲ್ಲಿ ತೆಂಗಿನ ಗರಿ ಕಡಿಯಲು ಹೋಗಿ ಮಚ್ಚನ್ನು ಎಡಗೈ ಮೇಲೇ ಇಳಿಸಿಕೊಂಡೆ. ಮನೆಯಾಕೆ ಅರಿಶಿನ ಮೆತ್ತಿದಳು. ರಕ್ತ ನಿಲ್ಲಲಿಲ್ಲ. ಒಗೆದ ಪಂಚೆ ಉಟ್ಟು, ಕೋಟು ತೊಟ್ಟು, ಜಯನಗರದಿಂದ ಜಟಕಾ ಹಿಡಿದು ಆಸ್ಪತ್ರೆಯ ಕ್ಯಾಷುಯಾಲ್ಟಿಗೆ ಹೋದೆ.

ಒಳಗೆ ಕಾಲಿಟ್ಟ ಕೂಡಲೇ ಒಂದು ಮೇಜು. ಮೇಜಿನ ಮೇಲೆ ದಪ್ಪ ರಿಜಿಸ್ಟರು. ಅದರ ಹಿಂದೆ ಗುಮಾಸ್ತ.

"ಬನ್ನಿ ಸಾರ್, ಕೂತ್ಕೊಳ್ಳಿ. ಎಲ್ಲಿ ಆಯ್ತು? ಯಾವುದರಿಂದ ಆಯ್ತು?"

ಹಿತ್ತಲು, ಗರಿ, ಮಚ್ಚು, ಎಲ್ಲ ಬರೆದುಕೊಂಡ. ಮಚ್ಚಿಗೆ ತುಕ್ಕು ಹಿಡಿದಿತ್ತೇ ಎಂದೂ ವಿಚಾರಿಸಿದ. ನಮ್ಮ ಮನೆಯ ಮಚ್ಚಿಗೆ ತುಕ್ಕೇ? ಸ್ವಲ್ಪ ಖಾರವಾಗಿಯೇ ಉತ್ತರ ಕೊಟ್ಟೆ.

ಹೊಲಿಗೆ ಹಾಕಿದ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು. ಇಷ್ಟೆಲ್ಲ ಯಾಕಪ್ಪ ಬರೆಸ್ತೀರಿ ಅಂದೆ.

"ಹೊಸ ಪದ್ಧತಿ ಸಾರ್. ಯಾವ ಕಾರ್ಖಾನೇಲಿ, ಯಾವ ಮೆಷಿನ್ನಿಂದ ಜನಕ್ಕೆ ಏಟಾಗ್ತಿದೆ ಅಂತ ಈ ರಿಜಿಸ್ಟರ್ ನೋಡಿ ಪತ್ತೆ ಮಾಡ್ಬೇಕು ಅಂತಿದೀವಿ. ಆಮೇಲೆ ಅಲ್ಲಿಗೆ ಇನ್ಸ್‌ಪೆಕ್ಟರ್ ಹೋಗ್ತಾರೆ. ಮಾಲೀಕರು ತಾವಾಗಿ ಬಂದು ಹೇಳ್ತಾರಾ? ಗಾಯ ಹೇಳತ್ತೆ."

ಗಾಯ ಹೇಳತ್ತೆ! ಮಾತು ಬಹಳ ಹಿಡಿಸಿತು. ನಾನು ಜೀವಮಾನವೆಲ್ಲ ಶಾಲೆಯ ಗಂಟೆಗೆ ನಡೆದವನು. ಎಲ್ಲವೂ ಅದರದರ ಕಾಲಮ್ಮಿನಲ್ಲಿ ಇದ್ದರೆ ದೇಶ ತಾನಾಗಿ ಸರಿಹೋಗುತ್ತದೆ ಎಂದು ನಂಬಿದವನು.

ಇಂಜೆಕ್ಷನ್ ಆದ ಮೇಲೆ ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತಿರಿ ಅಂದರು. ಕೂತೆ. ಆಗ ಬಂದರು ಇಬ್ಬರು.

ಒಬ್ಬನ ಬಲಗೈಗೆ ಎಣ್ಣೆ ಒರೆಸುವ ಚಿಂದಿ ಸುತ್ತಿತ್ತು. ಅಂಗಿಯ ತುಂಬ ಗ್ರೀಸು. ಇನ್ನೊಬ್ಬನ ಅಂಗಿ ಬಿಳಿ, ಜೇಬಿನಲ್ಲಿ ಪೆನ್ನು. ಬೊಮ್ಮನಹಳ್ಳಿ ಹತ್ತಿರದ ಡಬ್ಬ ಮಾಡುವ ಶೆಡ್ಡಿನ ಆಳು, ಅವನ ಮೇಸ್ತ್ರಿ ಅಂತ ಅವರನ್ನು ಕರೆತಂದ ಜಟಕಾದವನು ಹೇಳಿದ.

ನಮ್ಮಲ್ಲೊಂದು ಪದ್ಧತಿ ಇದೆ, ಗಮನಿಸಿದ್ದೀರಾ? ಆಸ್ಪತ್ರೆಯಲ್ಲಿ ನೋವು ತಿನ್ನುವವನು ಮಾತಾಡುವುದಿಲ್ಲ. ಜೊತೆಗೆ ಬಂದವನು ಮಾತಾಡುತ್ತಾನೆ. ಹೆಂಡತಿಗೆ ಗಂಡ, ಮುದುಕನಿಗೆ ಮಗ, ಆಳಿಗೆ ಮೇಸ್ತ್ರಿ. ಗುಮಾಸ್ತನೂ ಜೊತೆಗೆ ಬಂದವನ ಮುಖ ನೋಡಿಯೇ ಕೇಳುತ್ತಾನೆ.

"ಏನಾಯ್ತು?"

"ಮನೇಲಿ ಬಾಗಿಲಿಗೆ ಕೈ ಸಿಕ್ಕಾಕ್ಕೊಂತು ಸಾರ್," ಎಂದ ಮೇಸ್ತ್ರಿ.

ಕಾಂಪೌಂಡರು ಅಷ್ಟರಲ್ಲಿ ಚಿಂದಿ ಬಿಚ್ಚಿದ್ದರು. ನಡುವಿನ ಎರಡು ಬೆರಳು ಬೆರಳಾಗಿ ಉಳಿದಿರಲಿಲ್ಲ. ಗಾಯದಲ್ಲಿ ತಗಡಿನ ಚೂರು ಹೊಳೆಯುತ್ತಿತ್ತು. ಇದ್ಯಾವ ಬಾಗಿಲು?

ನನಗೆ ತಡೆಯಲಾಗಲಿಲ್ಲ. "ಅವನನ್ನ ಕೇಳ್ರೀ. ಕೈ ಅವನದು," ಎಂದೆ.

ಗುಮಾಸ್ತ ನನ್ನನ್ನು ನೋಡಿದ. (ನನ್ನನ್ನಲ್ಲ, ಕೋಟನ್ನು.) ಆಳಿನ ಕಡೆ ತಿರುಗಿದ. "ಏನಯ್ಯಾ ನಿನ್ನ ಹೆಸರು? ನೀನೇ ಹೇಳು."

"ಮುನಿಯಪ್ಪ," ಅಂದ. ಮೇಸ್ತ್ರಿಯ ಕಡೆ ನೋಡಿದ.

ಮೇಸ್ತ್ರಿ ಗೋಡೆ ನೋಡುತ್ತ ಎಷ್ಟು ಮೆತ್ತಗೆ ಹೇಳಿದ ಅಂತೀರಿ! "ಹೇಳೋ ಮುನಿಯ, ಹೆದರ್ಕೋಬೇಡ. ನಿನ್ ತಮ್ಮನೂ ನಮ್ಮಲ್ಲೇ ಇದಾನಲ್ಲ, ಅವನನ್ನೂ ಬೇಕಾದ್ರೆ ಕರೆಸಿ ಕೇಳೋಣ."

"ಬಾಗ್ಲೇ ಸ್ವಾಮಿ," ಎಂದ ಮುನಿಯಪ್ಪ.

ಗುಮಾಸ್ತ ಬರೆದ. ಶಾಯಿ ಒಣಗುವ ಮೊದಲೇ ಮುನಿಯಪ್ಪನ ಹೆಂಡತಿ ಏದುಸಿರು ಬಿಡುತ್ತ ಬಂದಳು. ಪಾಪ, ದಾರಿಯುದ್ದಕ್ಕೂ ಓಡಿಯೇ ಬಂದಿರಬೇಕು. ಬಾಗಿಲಿನ ಮಾತು ಕಿವಿಗೆ ಬಿದ್ದದ್ದೇ ತಡ, ಸಿಡಿದಳು.

"ಯಾವ್ ಬಾಗ್ಲು? ನಮ್ ಗುಡ್ಲಿಗೆ ಬಾಗ್ಲೆಲ್ಲೈತೆ? ಗೋಣಿಚೀಲ ಕಟ್ಕಂಡಿವ್ನಿ! ಮಿಸನ್ನು ಅಂತ ಬರೀರಿ ಸ್ವಾಮಿ. ಕೆಲಸದ ಜಾಗದಲ್ಲಿ ಆದ್ರೆ ಪರಿಹಾರ ಕೊಡ್ಬೇಕಂತೆ, ಮನೇಲಿ ಆದ್ರೆ ಏನೂ ಇಲ್ವಂತೆ."

"ಸುಮ್ಕಿರಮ್ಮಿ," ಎಂದ ಮುನಿಯಪ್ಪ.

"ಸುಮ್ಕಿದ್ರೆ ತಮ್ಮನ್ ಕೂಲಿ ಉಳೀತದೆ. ನಿನ್ ಕೈ?"

ಮುನಿಯಪ್ಪ ಕಣ್ಣು ಮುಚ್ಚಿಕೊಂಡ. ಗುಮಾಸ್ತ ಪೆನ್ನಿನ ಮುಚ್ಚಳ ಹಾಕಿದ.

"ನೋಡಮ್ಮ, ನಾನಾಗಿ ಬರೆದಿಲ್ಲ. ಅವನ ಬಾಯಿಂದಲೇ ಬಂದಿದೆ. ಈ ಸಾರ್ ಇಲ್ಲೇ ಇದ್ರು, ಅವರೂ ಕೇಳಿಸ್ಕೊಂಡಿದಾರೆ."

ಸಾರ್ ಅಂದರೆ ನಾನು. ಮೇಸ್ತ್ರಿಯ ಸುಳ್ಳಾಗಿ ಉಳಿಯಬಹುದಾಗಿದ್ದದ್ದು, ನಾನು ಬಾಯಿ ಹಾಕಿದ್ದರಿಂದ ಮುನಿಯಪ್ಪನ ಹೇಳಿಕೆಯಾಯಿತು. ಅದಕ್ಕೊಂದು ಕೋಟಿನ ಸಾಕ್ಷಿಯೂ ಸಿಕ್ಕಿತು. ಆ ಹೆಂಗಸು ನನ್ನ ಕಡೆ ನೋಡಿದಳು. ನಾನು ಡಾಕ್ಟರನ್ನು ಹುಡುಕಿಕೊಂಡು ಹೋದೆ.

"ಗೊತ್ತು ಸಾರ್," ಅಂದರು ಡಾಕ್ಟರು. "ಬಾಗಿಲಿನ ಗಾಯ ಯಾವುದು, ತಗಡು ಒತ್ತೋ ಪ್ರೆಸ್ಸಿನ ಗಾಯ ಯಾವುದು ಅಂತ ನನಗೆ ತಿಳಿಯಲ್ವೇ? ಆದ್ರೆ ರೋಗಿ ಹೇಳಿದ್ದನ್ನ ಬರೀಬೇಕು ಅಂತ ನಿಯಮ. ಅವನೇ ಬಾಗಿಲು ಅಂದ ಮೇಲೆ ನಾನೇನು ಮಾಡ್ಲಿ?"

ಸ್ವಲ್ಪ ಹೊತ್ತಿನ ಮುಂಚೆ ಗಾಯ ಹೇಳತ್ತೆ ಅಂದವರೂ ಇವರೇ. ಗಾಯ ಹೇಳಿತ್ತು. ಕೇಳುವುದಕ್ಕೆ ಕಾಲಮ್ಮು ಇರಲಿಲ್ಲ, ಅಷ್ಟೇ.

ನಾಳೆ ಯಾರೋ ದೊಡ್ಡವರು ಆ ರಿಜಿಸ್ಟರು ತಿರುವಿಹಾಕುತ್ತಾರೆ. ಬೊಮ್ಮನಹಳ್ಳಿ ಕಡೆಯ ಶೆಡ್ಡುಗಳಲ್ಲಿ ಯಾರಿಗೂ ಏನೂ ಆಗುತ್ತಿಲ್ಲ, ಬಡವರ ಮನೆಯ ಬಾಗಿಲುಗಳೇ ಅಪಾಯ ಎಂದು ಷರಾ ಬರೆಯುತ್ತಾರೆ. ನನ್ನ ಮಚ್ಚಿನ ವಿಷಯವಂತೂ ಚಾಚೂ ತಪ್ಪದೆ ದಾಖಲಾಗಿದೆ. ಇನ್ಸ್‌ಪೆಕ್ಟರು ಮೊದಲು ನಮ್ಮ ಹಿತ್ತಲಿಗೇ ಬಂದರೂ ಬಂದಾರು.

ಬರಲಿ. ಕಾಫಿ ಕೊಟ್ಟು, ಬೊಮ್ಮನಹಳ್ಳಿಗೆ ಕರೆದುಕೊಂಡು ಹೋಗಿ, ಮುನಿಯಪ್ಪನ ಗುಡಿಸಲ ಮುಂದೆ ನಿಲ್ಲಿಸಿ ಕೇಳುತ್ತೇನೆ: ಸ್ವಾಮಿ, ಈ ಗೋಣಿಚೀಲ ಬೆರಳು ಕಚ್ಚುವುದು ಯಾವ ಕಡೆಯಿಂದ?