ಮಾನ್ವಿಯ ತಣ್ಣನೆಯ ಹತ್ತಿ

ದೂರದ ಸೆನ್ಸರ್‌ಗಳನ್ನು ಅವುಗಳ ಮಾಹಿತಿ ರವಾನಿಸುವ ಗೇಟ್‌ವೇ ಪೆಟ್ಟಿಗೆಗೆ ಜೋಡಿಸುವ ರಾಯಚೂರಿನ ಆ ಮೆಕ್ಯಾನಿಕ್, ಲ್ಯಾಪ್‌ಟಾಪ್ ತೆರೆಯುವ ಮೊದಲು ಬಳೆಗಳನ್ನು ಮೇಲೇರಿಸಿಕೊಂಡು, “ಮೊದ್ಲ ಕೈಲೆ ಮುಟ್ಟಿ ನೋಡೂಣ್ರಿ,” ಎನ್ನುತ್ತಿದ್ದರು. ಒಬ್ಬ ವ್ಯಾಪಾರಿಯ ಮಾನ್ವಿ ಮತ್ತು ದೇವದುರ್ಗದ ಗೋದಾಮುಗಳಲ್ಲಿ, ಹತ್ತಿಯ ಅಂಡಿಗೆಗಳ, ಅಂದರೆ ದೊಡ್ಡ ಮೂಟೆಗಳ, ನಡುವೆ ಬಿಸಿ ಅಳೆಯುವ ಸೆನ್ಸರ್ ಕೂರಿಸಿದ್ದು ಆಕೆಯೇ.

ಒಂದು ಮಧ್ಯಾಹ್ನ ಪತ್ರಿಕೆಯ ವರದಿಗೆಂದು ನಾನು ಮಾನ್ವಿಯ ಗೋದಾಮಿನಲ್ಲಿದ್ದೆ. ಅಲ್ಲಿ ಬಿಸಿ ಏರುತ್ತಿದೆ ಎಂದು ವ್ಯಾಪಾರಿಯ ಮೊಬೈಲಿಗೆ ಎಚ್ಚರಿಕೆ ಬಂದಿದ್ದರಿಂದ ಅವರು ಆಕೆಯನ್ನು ಕರೆಸಿದ್ದರು. ಆಕೆ ಅಂಡಿಗೆಗಳ ಸಂದಿಗೆ ಕೈ ತೂರಿಸಿದರು. ಹತ್ತಿ ತಣ್ಣಗಿತ್ತು.

“ಹತ್ತಿಗಲ್ಲವ್ವಾ, ನಿನ್ನ ಡಬ್ಬಿಗೆ ಜ್ವರ ಬಂದದ,” ವ್ಯಾಪಾರಿ ನಕ್ಕರು.

ಆಕೆ ಸೆನ್ಸರ್ ಹೊರತೆಗೆದು, ಅದರ ಬೆನ್ನಿನ ಸಂಖ್ಯೆಯನ್ನು ಲ್ಯಾಪ್‌ಟಾಪಿನ ಪಟ್ಟಿಯೊಂದಿಗೆ ಹೋಲಿಸಿದರು. ಪಟ್ಟಿಯಲ್ಲಿ ಎರಡೂ ಊರುಗಳ ಸಂಖ್ಯೆಗಳು ಅದಲುಬದಲಾಗಿದ್ದವು.

“ಸಾವ್ಕಾರ್ರ, ಸುಡಾಕತ್ತಿದ್ದು ದೇವದುರ್ಗದಾಗ! ಫೋನ್ ಹಚ್ರಿ, ಮಂದಿನ್ನ ಹೊರಗ ಕರೀರಿ!”

ವ್ಯಾಪಾರಿ ಕೂಡಲೇ ದೇವದುರ್ಗಕ್ಕೆ ಫೋನ್ ಮಾಡಿದರು. ಅಲ್ಲಿನ ಹಮಾಲರು ಬಿಸಿಯೇರಿದ್ದ ಅಂಡಿಗೆಗಳಿಗೇ ಒರಗಿ ಊಟಕ್ಕೆ ಕುಳಿತಿದ್ದರು. ಅವರು ಬಾಗಿಲು ದಾಟುವಷ್ಟರಲ್ಲಿ ಹಿಂದೆ ಬೆಂಕಿ ಎದ್ದಿತು.

“ಎಲ್ಲಾರೂ ಹೊರಗ ಅದೀವ್ರೀ,” ಎಂದು ಹಮಾಲರ ಮೇಸ್ತ್ರಿಯಾದ ಮುಕಾದಮ ಫೋನಿನಲ್ಲಿ ಕೂಗಿದ.

ವ್ಯಾಪಾರಿ ಕೈಮುಗಿದರು. “ನೀ ಉಳಿಸಿದಿ ಯವ್ವಾ.”

“ಆ ಪಟ್ಟಿ ತಪ್ಪು ಬರದಾಕಿನೂ ನಾನಽ ರೀ,” ಎಂದು ಆಕೆ ನನ್ನ ಕಡೆ ತಿರುಗಿದರು. “ಪೇಪರಿನಾಗ ಅದನ್ನೂ ಬರೀರಿ.”