ಎಲ್ಲಾ ತಿಂದೀನ್ರಿ

ಖಾಸಬಾಗದ ಸುಹಾಸಿನಿಗೆ ಯಾವ ಮಾತು ಕೇಳಿದರೆ ಮೈ ಉರಿಯುತ್ತದೆ ಎಂದು ಯಾರಾದರೂ ಕೇಳಿದರೆ, ‘ಎಲ್ಲಾ ತಿಂದೀನ್ರಿ’ ಎಂಬ ಮಾತು ಎಂದು ಅವಳು ತಡವರಿಸದೆ ಹೇಳುತ್ತಿದ್ದಳು. ವಾರವಿಡೀ ಅವಳ ಕಿವಿಗೆ ಬೀಳುತ್ತಿದ್ದುದು ಅದೊಂದೇ.

ಬೆಳಗಾವಿಯಲ್ಲಿ ಒಂದು ಟ್ರಸ್ಟು ನಡೆಸುವ ಕ್ರೀಡಾ ಹಾಸ್ಟೆಲಿನಲ್ಲಿ ಅವಳು ಆಹಾರ ತಜ್ಞೆ. ಮಕ್ಕಳ ಬಾಯಲ್ಲಿ ಡಯೆಟ್ ಮೇಡಂ. ಕುಸ್ತಿಯವರು, ಜೂಡೋದವರು, ಓಟದವರು ಒಬ್ಬೊಬ್ಬರಾಗಿ ಅವಳ ಕೋಣೆಗೆ ಬಂದು, ಹಿಂದಿನ ದಿನ ಏನೇನು ತಿಂದೆವು, ಎಷ್ಟು ನೀರು ಕುಡಿದೆವು, ನಿದ್ದೆ ಹೇಗಿತ್ತು ಎಂದು ಹೇಳಬೇಕು. ಅವಳು ಕೇಳಿದ್ದನ್ನು ಕಂಪ್ಯೂಟರಿಗೆ ಹಾಕಿ, ತೂಕ ನೋಡಿ, ಕೊಟ್ಟ ಸಲಹೆಯನ್ನು ಕೆಳಗೆ ಸೇರಿಸಿ, ಹಾಳೆ ತೆಗೆದು ಸಹಿ ಮಾಡಬೇಕು. ಕೆಲಸವೇನೋ ಇಷ್ಟೇ. ಆದರೆ ಹೇಳುವವರು ಸರಿಯಾಗಿ ಹೇಳಿದರೆ ತಾನೆ ಬರೆಯುವವರು ಸರಿಯಾಗಿ ಬರೆಯುವುದು?

ಊಟದ ಮನೆಯ ಗೋಡೆಗೆ ವಾರದ ಮೆನು ಅಂಟಿಸಿದವಳು ಅವಳೇ. ಮಕ್ಕಳು ಅದನ್ನೇ ಬಾಯಿಪಾಠ ಮಾಡಿ ಅವಳಿಗೇ ಒಪ್ಪಿಸುತ್ತಿದ್ದರು. ಒಂದು ಸೋಮವಾರ ಗ್ಯಾಸು ಮುಗಿದು ಉಪ್ಪಿಟ್ಟೇ ಆಗಿರಲಿಲ್ಲ. ಎಲ್ಲರಿಗೂ ಬ್ರೆಡ್ಡು, ಬಾಳೆಹಣ್ಣು ಕೊಟ್ಟು ಕಳಿಸಿದ್ದರು. ಮಂಗಳವಾರ ಬಂದವರೆಲ್ಲ ಮಾತ್ರ ತಪ್ಪದೆ ಉಪ್ಪಿಟ್ಟು ತಿಂದಿದ್ದರು. ಕುಸ್ತಿಯ ಪ್ರತೀಕನಂತೂ ಉಪ್ಪಿಟ್ಟು ಭಾಳ ಚೊಲೋ ಆಗಿತ್ತು ಎಂದು ಅಡುಗೆಯವರನ್ನು ಹೊಗಳಿ ಎದ್ದು ಹೋಗಿದ್ದ. ಸುಹಾಸಿನಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ.

ಮನೆಯಲ್ಲಿ ಅತ್ತೆ ಸೋನಾಬಾಯಿಯದು ಬೇರೆಯೇ ತಕರಾರು. ಗಡ್ಡೆ ಗೆಣಸು ಹೊಸ್ತಿಲು ದಾಟದ, ಹೊತ್ತು ಮುಳುಗುವುದರೊಳಗೆ ಊಟ ಮುಗಿಯುವ ಜೈನರ ಮನೆ ಅದು. ಆ ಮನೆಯ ಸೊಸೆ ಯಾರಿಗೆ ಎಷ್ಟು ಮೊಟ್ಟೆ, ಯಾರಿಗೆ ಎಷ್ಟು ಕೋಳಿ ಎಂದು ಬರೆಯುವ ನೌಕರಿ ಹಿಡಿದಿದ್ದಳು. ತಿನ್ನುವುದಿಲ್ಲ ಖರೆ, ಬರೆಯುವುದರಿಂದ ಪಾಪ ಹತ್ತುವುದಿಲ್ಲವೇ ಎಂಬುದು ಅತ್ತೆಯ ಪ್ರಶ್ನೆ.

“ಬರದದ್ದರಾಗ ಅರ್ಧಾ ಸುಳ್ಳ ಐತ್ರಿ ಅತ್ತಿ,” ಎಂದಿದ್ದಳು ಸುಹಾಸಿನಿ ಒಮ್ಮೆ ಬೇಸತ್ತು. “ಪಾಪಾನೂ ಅರ್ಧಾನ ಹತ್ತತೈತಿ.”

ಉಳಿದವರ ಸುಳ್ಳಿನಿಂದ ಅವಳಿಗೆ ಬರುತ್ತಿದ್ದುದು ಸಿಟ್ಟು ಮಾತ್ರ. ಸಿಮ್ರನಳ ಸುಳ್ಳಿನಿಂದ ಹೆದರಿಕೆಯೂ ಶುರುವಾಗಿತ್ತು. ಸಿಮ್ರನ ಖಾನಾಪುರದ ಹುಡುಗಿ, ಜೂಡೋದಲ್ಲಿ ಐವತ್ತೆರಡು ಕಿಲೋ ವಿಭಾಗದವಳು. ಹಾಸ್ಟೆಲಿಗೆ ಬಂದಾಗ ಗಟ್ಟಿಮುಟ್ಟಾಗಿದ್ದವಳ ತೂಕ ಒಂದೇ ಸಮನೆ ಇಳಿಯುತ್ತಿತ್ತು. ತುಟಿಗಳು ಒಡೆದಿದ್ದವು, ಅಭ್ಯಾಸದ ಹೊತ್ತಿಗೆ ತಲೆ ಸುತ್ತಿ ಗೋಡೆ ಹಿಡಿದು ಕೂರುತ್ತಿದ್ದಳು. ಕೇಳಿದರೆ ಅದೇ ಉತ್ತರ. ಸುಹಾಸಿನಿ ಚಪಾತಿ ಹೆಚ್ಚಿಸಿದಳು, ಹಾಲು ಹೆಚ್ಚಿಸಿದಳು, ಶೇಂಗಾ ಚಿಕ್ಕಿ ಸೇರಿಸಿದಳು. ಪ್ರತಿ ಸಲವೂ ‘ಸಲಹೆ ನೀಡಲಾಗಿದೆ’ ಎಂದು ಬರೆದಳು. ತೂಕ ಇಳಿಯುತ್ತಲೇ ಹೋಯಿತು. ರಕ್ತ ಪರೀಕ್ಷೆಗೆ ಕಳಿಸಿದಳು. ರಕ್ತ ಕಡಿಮೆ ಎಂಬುದು ಬಿಟ್ಟರೆ ರೋಗವೇನೂ ಕಾಣಲಿಲ್ಲ. ಕೋಚ್ ಬಾಳಾಸಾಹೇಬರ ಮುಂದೆ ವಿಷಯ ತೆಗೆದರೆ, ಹೊಸ ಹುಡುಗಿ, ಮನೆ ನೆನಪಾಗುತ್ತಿರಬೇಕು ಎಂದು ಹೇಳಿ ಅವರು ಸೀಟಿ ಊದುತ್ತ ಮೈದಾನದತ್ತ ನಡೆದುಬಿಟ್ಟರು.

ತಿಂಗಳಿಗೊಮ್ಮೆ ಸುಹಾಸಿನಿ ಖಾನಾಪುರಕ್ಕೆ ಹೋಗಿ ಅಲ್ಲಿಯ ಶಾಲೆಗಳ ಆಟಗಾರರನ್ನು ನೋಡುವುದಿತ್ತು. ಆ ಶನಿವಾರ ಬಸ್ ಹತ್ತಿದಾಗ ಕಿಟಕಿಯ ಬದಿ ಸಿಮ್ರನ ಕುಳಿತಿದ್ದಳು. ರಜೆಗೆ ಮನೆಗೆ ಹೊರಟಿದ್ದಳು. ದಾರಿಯಲ್ಲಿ ಮಚ್ಛೆ ಊರಿನ ಹತ್ತಿರ ಕಾರ್ಖಾನೆಯ ಲಾರಿಯೊಂದು ರಸ್ತೆಗೆ ಅಡ್ಡ ನಿಂತು ಬಸ್ಸು ಅಲ್ಲೇ ಉಳಿಯಿತು. ಕಾದು ಕಾದು ಸುಹಾಸಿನಿ ಡಬ್ಬಿ ಬಿಚ್ಚಿ, ಚಪಾತಿ ಮತ್ತು ಮಡಕಿಕಾಳಿನ ಪಲ್ಯವನ್ನು ಹುಡುಗಿಯ ಮುಂದೆ ಹಿಡಿದಳು. ಒಂದು ಚಪಾತಿ ಹರಿದುಕೊಂಡ ಸಿಮ್ರನ ತಲೆ ಎತ್ತದೆ ಉಳಿದವನ್ನೂ ತಿಂದಳು. ಪಲ್ಯವನ್ನು ಬೆರಳಲ್ಲಿ ಬಳಿದಳು. ಡಬ್ಬಿ ಬರಿದಾದ ಮೇಲೆಯೇ ಅವಳಿಗೆ ಎಚ್ಚರವಾದದ್ದು.

“ಮೇಡಂರಿ,” ಎಂದಳು ಸಣ್ಣ ದನಿಯಲ್ಲಿ, “ಇದನ್ನ ಬರೀತೀರೇನ್ರಿ?”

“ಬಸ್ಸಿನ್ಯಾಗ ಎಲ್ಲಿ ಬರೀಲಿ? ಬರದ್ರ ಏನಾಗತೈತಿ?”

“ಬರದ್ರ ಸರ್ ಓದತಾರ್ರಿ.”

ಆಮೇಲೆ ಒಂದೊಂದಾಗಿ ಎಲ್ಲ ಹೊರಬಿತ್ತು. ಐವತ್ತೆರಡು ಕಿಲೋದಲ್ಲಿ ಸಾಕ್ಷಿ ಎಂಬ ಹಳೆಯ ಹುಡುಗಿ ಇದ್ದಳು, ಅವಳನ್ನು ಸೋಲಿಸುವವರಿರಲಿಲ್ಲ. ನಲವತ್ತೆಂಟರಲ್ಲಿ ಯಾರೂ ಇಲ್ಲ, ಅಲ್ಲಿಗೆ ಇಳಿದರೆ ರಾಜ್ಯದ ತಂಡದಲ್ಲಿ ಜಾಗ ಖಾತ್ರಿ ಎಂದು ಬಾಳಾಸಾಹೇಬರು ಸಿಮ್ರನಳಿಗೆ ಹೇಳಿದ್ದರು. ಅಂದಿನಿಂದ ಅವಳು ರಾತ್ರಿಯ ರೊಟ್ಟಿ ಪಕ್ಕದವರ ತಾಟಿಗೆ ಹಾಕುತ್ತಿದ್ದಳು, ನೀರು ಕುಡಿಯದೆ ದಪ್ಪ ಜಾಕೆಟ್ ಹಾಕಿಕೊಂಡು ಓಡುತ್ತಿದ್ದಳು. ಸುಹಾಸಿನಿ ಬರೆದ ಹಾಳೆಯ ಒಂದೊಂದು ಪ್ರತಿ ಕೋಚ್ ಕೈಗೆ ಹೋಗುತ್ತಿತ್ತು. ಅವರು ಬೆಳಗಿನ ಅಭ್ಯಾಸದಲ್ಲಿ ಅದನ್ನು ಎಲ್ಲರೆದುರು ಓದುತ್ತಿದ್ದರು. ಭೇಳ್ ತಿಂದೆ ಎಂದು ಒಮ್ಮೆ ಖರೆ ಹೇಳಿದ ಪ್ರತೀಕನಿಗೆ ಉಸಿರು ಕಟ್ಟುವವರೆಗೆ ಮೈದಾನ ಸುತ್ತಿಸಿದ್ದರು. ಎಲ್ಲರೂ ಗೋಡೆಯ ಮೆನು ಬಾಯಿಪಾಠ ಮಾಡಿದ್ದು ಅದಾದ ಮೇಲೆ.

ಸುಹಾಸಿನಿಗೆ ಮೊದಲು ಹುಡುಗಿಯ ಮೇಲೆಯೇ ರೇಗಿತು. “ಒಂದ ಮಾತ ನನಗ ಹೇಳಬಾರದಿತ್ತೇನ?”

“ನಿಮಗ ಹೇಳಿದ್ರ ನೀವು ಬರೀತಿದ್ರಲ್ರಿ.”

ಸುಹಾಸಿನಿ ಖಾಲಿ ಡಬ್ಬಿಗೆ ಮುಚ್ಚಳ ಹಾಕಿದಳು. ಪ್ರತಿ ಸಂಜೆ ಆ ಪ್ರತಿಗಳಿಗೆ ಸಹಿ ಹಾಕಿ ಕೋಚ್ ಮೇಜಿನ ಮೇಲೆ ಇಟ್ಟು ಬರುತ್ತಿದ್ದವಳು ತಾನೇ. ನಿಯಮ ಹಾಗಿತ್ತು, ಇಟ್ಟಳು. ಅವರು ಅದನ್ನು ಏನು ಮಾಡುತ್ತಾರೆಂದು ಒಂದು ದಿನವೂ ಯೋಚಿಸಿರಲಿಲ್ಲ.

ಖಾನಾಪುರದಲ್ಲಿ ಮಗಳನ್ನು ಕರೆದೊಯ್ಯಲು ತಾಯಿ ಫಕ್ರುನ್ನಿಸಾ ಬಸ್ ನಿಲ್ದಾಣಕ್ಕೆ ಬಂದಿದ್ದರು. ಮಗಳ ಕೆನ್ನೆ ಸವರಿ ನೋಡಿ, ಆಮೇಲೆ ಸುಹಾಸಿನಿಯತ್ತ ತಿರುಗಿ, “ಊಟದ ಮೇಡಂ ಅಂದ್ರ ನೀವ ಏನ್ರಿ?” ಎಂದು ಕೇಳಿದರು. ಆ ಮಾತಿನಲ್ಲಿ ಜಗಳವೇನೂ ಇರಲಿಲ್ಲ. ಆದರೂ ಸುಹಾಸಿನಿಗೆ ನಿಂತ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು.

ಕೋಚ್ ಜೊತೆ ಮಾತಾಡಲೇ ಎಂದು ಅವಳು ಸಿಮ್ರನಳನ್ನೇ ಕೇಳಿದಳು. ಹುಡುಗಿ ತಾಯಿಯ ಮುಖ ನೋಡಿ, ಮಾತಾಡಿ ಎಂದಳು.

ಸೋಮವಾರ ಬಾಳಾಸಾಹೇಬರು ಎಲ್ಲ ಕೇಳಿ ಬೆಪ್ಪಾಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ತಾವೂ ಕುಸ್ತಿ ಆಡುವ ಕಾಲಕ್ಕೆ ಹೀಗೆಯೇ ತೂಕ ಇಳಿಸಿದ್ದು, ಬೆವರು ಹರಿಸಲೆಂದು ಕಂಬಳಿ ಹೊದ್ದು ಬಿಸಿಲಿಗೆ ಕೂತದ್ದು, ಅದರಿಂದ ಏನೂ ಆಗದ್ದು, ಎಲ್ಲವನ್ನೂ ಸಮಾಧಾನದಿಂದ ಹೇಳಿದರು. ಆ ಸಮಾಧಾನವೇ ಅವಳನ್ನು ಕೆಣಕಿತು.

“ನಾಳಿಂದ ನನ್ನ ಹಾಳಿ ನಿಮ್ಮ ಟೇಬಲ್ಲಿಗೆ ಬರೂದಿಲ್ರಿ ಸರ,” ಎಂದಳು.

“ನಿಯಮ ಐತಲ್ರಿ ಮೇಡಂ.”

“ನಿಯಮ ಐತಂತ ನಾ ಸುಳ್ಳ ಬರಕೋಂತ ಕುಂಡ್ರಲೇನ್ರಿ?”

ಅಷ್ಟಕ್ಕೇ ಮುಗಿಯಲಿಲ್ಲ. ಟ್ರಸ್ಟಿನವರು ಸಭೆ ಕರೆದರು, ಸಭೆಯನ್ನು ಮುಂದೆ ಹಾಕಿದರು, ಮತ್ತೆ ಕರೆದು ಚಹಾ ಕುಡಿದು ಎದ್ದರು. ಕೋಚ್‌ಗೆ ಗೊತ್ತಾಗಬಾರದ ಊಟ ಯಾವುದು ಎಂದು ಒಬ್ಬರು ನಕ್ಕರು. ಅವಳು ಪ್ರತಿ ಸಲವೂ ಅದೇ ಮಾತನ್ನು ಮೊದಲಿನಿಂದ ಹೇಳಿದಳು. ಕೊನೆಗೆ ಹಾಸ್ಟೆಲಿನ ಡಾಕ್ಟರರು ಅವಳ ಕಡೆಗೆ ನಿಂತ ಮೇಲೆ ತೀರ್ಮಾನವಾಯಿತು: ತೂಕ ಎಷ್ಟು, ಅಭ್ಯಾಸಕ್ಕೆ ಇಳಿಯಬಹುದೋ ಇಲ್ಲವೋ, ಇಷ್ಟು ಮಾತ್ರ ಕೋಚ್‌ಗೆ, ಉಳಿದದ್ದು ಆಟಗಾರರು ಒಪ್ಪದೆ ಅವಳ ಕೋಣೆ ಬಿಟ್ಟು ಹೋಗಕೂಡದು. ಅವಳಿಗೆ ಬರೆಯುವ ಕೆಲಸ ಒಂದಿದ್ದದ್ದು ಎರಡಾಯಿತು.

ಸಿಮ್ರನ ನಲವತ್ತೆಂಟಕ್ಕೆ ಇಳಿಯಲಿಲ್ಲ. ಆಯ್ಕೆಯ ದಿನ ಐವತ್ತೆರಡರಲ್ಲೇ ಸಾಕ್ಷಿಯ ಎದುರು ನಿಂತು, ಚೆನ್ನಾಗಿ ಹಿಡಿದು, ಸೋತಳು. ನಲವತ್ತೆಂಟಿದ್ದರೆ ತಂಡದಲ್ಲಿ ಇರುತ್ತಿದ್ದಳು ಎಂದು ಬಾಳಾಸಾಹೇಬರು ಎದುರಾದಾಗಲೆಲ್ಲ ಅಂದರು. ಅದು ಸುಳ್ಳಲ್ಲ ಎಂಬುದು ಸುಹಾಸಿನಿಗೂ ಗೊತ್ತಿತ್ತು. ಹುಡುಗಿ ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಅತ್ತಾಗ ಬಾಜೂಕ್ಕೆ ಹೋಗಿ ಕುಳಿತಳು. ಈಗ ಸಿಮ್ರನಳ ತುಟಿ ಒಡೆದಿಲ್ಲ. ಮುಂದಿನ ವರ್ಷ ಸಾಕ್ಷಿ ಮೇಲಿನ ವಿಭಾಗಕ್ಕೆ ಹೋಗುತ್ತಾಳೆ ಎಂಬ ಸುದ್ದಿಯೂ ಇದೆ, ಹೋದಾಗ ನೋಡಬೇಕು.

ಹಾಸ್ಟೆಲಿನಲ್ಲಿ ಮಾತ್ರ ಹೊಸ ಕಾಟ ಶುರುವಾಗಿದೆ. ಹಾಳೆ ಹೊರಗೆ ಹೋಗುವುದಿಲ್ಲ ಎಂಬುದು ನಂಬಿಕೆಯಾದ ಮೇಲೆ ಮಕ್ಕಳು ಖರೆ ಹೇಳತೊಡಗಿದ್ದಾರೆ. ಹೇಳಿದಷ್ಟೂ ಮುಗಿಯುವುದಿಲ್ಲ. ಮೊನ್ನೆ ಪ್ರತೀಕ ಕುಳಿತವನೇ ವಡಾಪಾವಿನಿಂದ ಶುರುಮಾಡಿ, ಗೆಳೆಯನ ಅಕ್ಕನ ಮದುವೆಗೆ ಹೋಗಿ, ಅಲ್ಲಿಂದ ಕುಂದಾ ಮಿಠಾಯಿಯ ಅಂಗಡಿಗೆ ಬಂದು, ಮಲಗುವ ಮುಂಚೆ ಕುಡಿದ ಬಣ್ಣದ ಸೋಡಾದವರೆಗೆ ಒಂದೇ ಉಸಿರಿಗೆ ಹೇಳುತ್ತಿದ್ದ. ಸುಹಾಸಿನಿ ಬೆರಳು ನೋಯುವಂತೆ ಕೀಬೋರ್ಡ್ ಬಡಿಯುತ್ತ, ಸಾವಕಾಶ ಹೇಳೋ ಮಾರಾಯಾ, ಮದುವೆಯಲ್ಲಿ ಜಿಲೇಬಿ ಎಷ್ಟು ಎಂದು ಗದರಿದಳು. ಅವನು ಕಣ್ಣು ಮುಚ್ಚಿ ಲೆಕ್ಕ ಹಾಕತೊಡಗಿದ.